ದೇಶದ ಸರಾಸರಿ ಮತ್ತು ಕರ್ನಾಟಕದ ಆರೋಗ್ಯ

1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಆಗಿನ್ನೂ ಮೈಸೂರು ರಾಜ್ಯವೆಂದೇ ಕರೆಸಿಕೊಳ್ಳುತ್ತಿದ್ದ ಕರ್ನಾಟಕದಲ್ಲಿ ಈ ಸಂಖ್ಯೆ 95 ಇತ್ತು. ಆರೋಗ್ಯದಲ್ಲಿ ರಾಜ್ಯ ದೇಶಕ್ಕಿಂತ ಮುಂದಿದೆ ಎಂಬ ಮಾತು ರೂಢಿಯಾದದ್ದು ಇಂಥ ಅಂಕಿಗಳಿಂದ. ಮಾತು ಸುಳ್ಳಲ್ಲ. ಆದರೆ ಮುಂದಿನ ಐವತ್ತು ವರ್ಷಗಳ ಲೆಕ್ಕ ನೋಡಿದರೆ ಅದು ಅರ್ಧ ಸತ್ಯ.

ಈ ಮುನ್ನಡೆಗೆ ಹಳೆಯ ಬೇರುಗಳಿವೆ. 1898ರ ಪ್ಲೇಗು ಬೆಂಗಳೂರನ್ನು ತತ್ತರಗೊಳಿಸಿದ ಮೇಲೆ ಮೈಸೂರು ಸಂಸ್ಥಾನ ನಗರ ನೈರ್ಮಲ್ಯವನ್ನು ಗಂಭೀರವಾಗಿ ಕೈಗೆತ್ತಿಕೊಂಡಿತು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಂತು. 1930ರಲ್ಲಿ ಸಂಸ್ಥಾನ ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೊಂದು ಆ ಕೆಲಸಕ್ಕೆ ಕೈಹಾಕಿದ ಜಗತ್ತಿನ ಆರಂಭದ ಉದಾಹರಣೆಗಳಲ್ಲಿ ಅದೊಂದು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕವೊಂದು ನಡೆಯಿತು.

1956ರಲ್ಲಿ ರಾಜ್ಯ ಒಂದಾದಾಗ ಚಿತ್ರ ಬದಲಾಯಿತು. ಹೈದರಾಬಾದ್ ಸಂಸ್ಥಾನದಿಂದ ಬಂದ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ಹಳೆಯ ಮೈಸೂರಿನಷ್ಟು ಆಸ್ಪತ್ರೆ, ಶಾಲೆಗಳ ಹಿನ್ನೆಲೆ ಇರಲಿಲ್ಲ. ರಾಜ್ಯದ ಸರಾಸರಿ ಎಂಬುದು ಅಂದಿನಿಂದ ಬೇರೆ ಬೇರೆ ಚರಿತ್ರೆಗಳನ್ನು ಕೂಡಿಸಿ ಭಾಗಿಸಿದ ಸಂಖ್ಯೆ.

ದೇಶದೊಡನೆ ರಾಜ್ಯವನ್ನು ಹೋಲಿಸುವುದಕ್ಕೂ ನಂಬಬಹುದಾದ ಲೆಕ್ಕ ಬೇಕಿತ್ತು. ಜನನ, ಮರಣಗಳ ಸರ್ಕಾರಿ ನೋಂದಣಿಯಲ್ಲಿ ಹಳ್ಳಿಯ ಎಷ್ಟೋ ಸಾವುಗಳು, ಅದರಲ್ಲೂ ಶಿಶುಗಳ ಸಾವು, ದಾಖಲಾಗುತ್ತಲೇ ಇರಲಿಲ್ಲ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ 1951-52ರಲ್ಲಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನ ಮನೆಮನೆಗೆ ಹೋಗಿ ಕೇಳಿ ಲೆಕ್ಕ ಹಾಕಿದ ಆರಂಭದ ದೊಡ್ಡ ಪ್ರಯತ್ನಗಳಲ್ಲೊಂದು. ಆಮೇಲೆ, 1960ರ ದಶಕದಲ್ಲಿ, ಮಾದರಿ ನೋಂದಣಿ ಪದ್ಧತಿ ಬಂತು. ಆಯ್ದ ಊರಿನಲ್ಲಿ ಅಲ್ಲಿಯವರೇ ಆದ ಗಣತಿದಾರರು, ಹಲವೆಡೆ ಶಾಲಾ ಮೇಷ್ಟ್ರು, ವರ್ಷವಿಡೀ ಹುಟ್ಟು ಸಾವುಗಳನ್ನು ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಆ ಪಟ್ಟಿಯನ್ನು ನೋಡದೆಯೇ ಮನೆಮನೆ ಸುತ್ತಿ ತಮ್ಮದೇ ಪಟ್ಟಿ ಮಾಡುತ್ತಾರೆ. ಎರಡನ್ನೂ ತಾಳೆ ನೋಡಿ, ಹೊಂದದ ಹೆಸರುಗಳಿಗಾಗಿ ಮತ್ತೆ ಊರಿಗೆ ಹೋಗುತ್ತಾರೆ. ಒಬ್ಬರ ಕಣ್ಣಿಗೆ ತಪ್ಪಿದ ಕೂಸು ಇನ್ನೊಬ್ಬರ ಪಟ್ಟಿಯಲ್ಲಿ ಸಿಗುತ್ತದೆ. ಮೇಲಿನ 129 ಮತ್ತು 95 ಬಂದದ್ದು ಈ ಶ್ರಮದಿಂದಲೇ.

ಆ ಅಂಕಿಗಳು ಮುಂದೆ ಹೇಳಿದ್ದು ಅಷ್ಟು ಹಿತವಾದ ಸಂಗತಿಯಲ್ಲ. 1981ರಲ್ಲಿ ಶಿಶು ಮರಣ ದರ ದೇಶದಲ್ಲಿ 110, ಕರ್ನಾಟಕದಲ್ಲಿ 69. 1991ರಲ್ಲಿ ದೇಶದ್ದು 80ಕ್ಕೆ ಇಳಿದರೆ ರಾಜ್ಯದ್ದು 77ಕ್ಕೆ ಏರಿ ನಿಂತಿತು. ಮಾದರಿ ಆಧರಿಸಿದ ಲೆಕ್ಕದಲ್ಲಿ ವರ್ಷದಿಂದ ವರ್ಷಕ್ಕೆ ಒಂದಿಷ್ಟು ಏರಿಳಿತ ಸಹಜ. ಆದರೂ ಹತ್ತು ವರ್ಷಗಳ ಅಂತರದಲ್ಲಿ ರಾಜ್ಯದ ದರ ಇಳಿಯದೇ ಹೋದದ್ದನ್ನು ಏರಿಳಿತವೆಂದು ತಳ್ಳಿಹಾಕಲಾಗದು. ಅದೇ ವೇಳೆಗೆ ಕೇರಳ 16ಕ್ಕೆ ತಲುಪಿತ್ತು. ಹೋಲಿಕೆಗೆ ಯಾರನ್ನು ಆರಿಸಿಕೊಳ್ಳುತ್ತೇವೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಉತ್ತರ ಪ್ರದೇಶ, ಬಿಹಾರಗಳ ದೊಡ್ಡ ಜನಸಂಖ್ಯೆಯೂ ಸೇರಿರುವ ಸರಾಸರಿಯನ್ನು ದಾಟುವುದು ದಕ್ಷಿಣದ ರಾಜ್ಯಕ್ಕೆ ದೊಡ್ಡ ಪರೀಕ್ಷೆಯಲ್ಲ.

ನಂತರ ವೇಗ ಮರಳಿತು. ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, 108 ಆಂಬುಲೆನ್ಸ್, ತಾಯಿ ಕಾರ್ಡು ಇವೆಲ್ಲ ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದವು. 2005-06ರಲ್ಲಿ ರಾಜ್ಯದ ಸುಮಾರು ಶೇ 65ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು; 2019-21ರ ಹೊತ್ತಿಗೆ ಶೇ 97. 2020ರಲ್ಲಿ ಶಿಶು ಮರಣ ದರ ರಾಜ್ಯದಲ್ಲಿ 19, ದೇಶದಲ್ಲಿ 28. ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ದೇಶದ್ದು 301ರಿಂದ 97ಕ್ಕೆ. ದೊಡ್ಡ ಸಾಧನೆಯೇ. ಆದರೆ ಅದೇ ಅವಧಿಯಲ್ಲಿ ತಮಿಳುನಾಡು 54, ಆಂಧ್ರ 45, ತೆಲಂಗಾಣ 43, ಕೇರಳ 19. ದಕ್ಷಿಣದ ಐದು ರಾಜ್ಯಗಳಲ್ಲಿ ಕರ್ನಾಟಕವೇ ಕೊನೆಗೆ ನಿಂತಿದೆ.

ಮಕ್ಕಳ ಪೌಷ್ಟಿಕತೆಯಲ್ಲಂತೂ ಮುನ್ನಡೆಯೇ ಇಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ರಾಜ್ಯದಲ್ಲಿ ಶೇ 35.4, ದೇಶದಲ್ಲಿ ಶೇ 35.5. ತೂಕ ಕಡಿಮೆಯಿರುವ ಮಕ್ಕಳ ಪ್ರಮಾಣ ರಾಜ್ಯದಲ್ಲೇ ತುಸು ಹೆಚ್ಚು. ಹೆರಿಗೆಯ ದಿನ ತಾಯಿಯನ್ನು ಆಸ್ಪತ್ರೆಗೆ ಮುಟ್ಟಿಸುವುದು ಒಂದು ಆಂಬುಲೆನ್ಸ್‌ನಿಂದ ಆಗುವ ಕೆಲಸ. ಮಗುವಿಗೆ ವರ್ಷಗಟ್ಟಲೆ ಸಾಕಷ್ಟು ಊಟ, ಶುದ್ಧ ನೀರು ಸಿಗುವುದಕ್ಕೆ ಮನೆಯ ಆದಾಯ, ತಾಯಿಯ ಓದು, ಅವಳು ಮದುವೆಯಾದ ವಯಸ್ಸು ಎಲ್ಲವೂ ಸೇರಬೇಕು.

ಈ ಹಿನ್ನಡೆ ರಾಜ್ಯದೊಳಗೆ ಎಲ್ಲಿದೆ ಎಂಬುದೂ ಗುಟ್ಟಲ್ಲ. ಡಾ. ಎಚ್. ಸುದರ್ಶನ್ ನೇತೃತ್ವದ ಆರೋಗ್ಯ ಕಾರ್ಯಪಡೆ 2001ರಲ್ಲೇ ಪ್ರಾದೇಶಿಕ ಅಸಮಾನತೆಯತ್ತ ಬೊಟ್ಟು ಮಾಡಿತ್ತು. ಮರುವರ್ಷ ಡಿ.ಎಂ. ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ ಹೆಚ್ಚಿನವು ಉತ್ತರ ಕರ್ನಾಟಕದವು. 2012ರಲ್ಲಿ ಸಂವಿಧಾನದ 371ಜೆ ವಿಧಿ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟಿತು. ಅದಾಗಿ ಏಳೆಂಟು ವರ್ಷಗಳ ಮೇಲೆ ನಡೆದ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಆ ಭಾಗದ ಯಾದಗಿರಿ ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು.