ಕೊನೆಗೆ ಉಣ್ಣುವವಳ ತಟ್ಟೆ: ಕೆಜಿಎಫ್, ಬಂಗಾರಪೇಟೆ ಅಡುಗೆಮನೆಯ ಚರಿತ್ರೆ

ಅರವತ್ತು ದಾಟಿದ ಹೆಂಗಸರು ಶುಗರ್, ಬಿಪಿ, ಮಂಡಿನೋವು ಅಂತ ಡಾಕ್ಟರ ಹತ್ತಿರ ಹೋದರೆ ಈಗ ಒಂದು ಸಲಹೆ ಸಾಮಾನ್ಯವಾಗಿ ಸಿಗುತ್ತದೆ. ತೂಕ ಇಳಿಸಿ, ನಿಧಾನವಾಗಿ ಅಗಿದು ತಿನ್ನಿ, ಟಿವಿ ನೋಡುತ್ತಾ ತಿನ್ನಬೇಡಿ, ಹೊಟ್ಟೆ ತುಂಬಿತು ಅನ್ನಿಸಿದಾಗ ನಿಲ್ಲಿಸಿ. ಇದಕ್ಕೆ ಮೈಂಡ್‌ಫುಲ್ ಈಟಿಂಗ್ ಎಂಬ ಹೆಸರಿದೆ. ನಾವು ಗಮನದ ಊಟ ಎನ್ನೋಣ. ಸಲಹೆ ಒಳ್ಳೆಯದೇ. ಆದರೆ ಕೆಜಿಎಫ್, ಬಂಗಾರಪೇಟೆ ಕಡೆಯ ಅಜ್ಜಿಯರ ಊಟಕ್ಕೆ ನೂರೈವತ್ತು ವರ್ಷಗಳ ಚರಿತ್ರೆ ಇದೆ. ಅದನ್ನು ಬಿಟ್ಟು ಮಾತಾಡಿದರೆ, ಅವರ ತೂಕಕ್ಕೆ ಅವರ ಬಾಯಿಚಪಲವೇ ಕಾರಣ ಎಂಬಂತೆ ಆಗುತ್ತದೆ.

ಕಥೆ ಶುರುವಾಗುವುದು ಹಸಿವಿನಿಂದ. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಐದರಲ್ಲಿ ಒಂದು ಪಾಲು ಜನರನ್ನು ಕಳೆದುಕೊಂಡಿತು. ಕೋಲಾರ ಸೀಮೆಗೂ ಅದರ ಪೆಟ್ಟು ಜೋರಾಗಿಯೇ ಬಿತ್ತು. ಮಳೆ ನಂಬಿದ ಈ ನೆಲದಲ್ಲಿ ಜನರನ್ನು ಕಾಯುತ್ತಿದ್ದ ಧಾನ್ಯ ರಾಗಿ. ಹಗೇವಿನಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತಿತ್ತು. ಬರ ಮುಗಿದ ಎರಡೇ ವರ್ಷಕ್ಕೆ, 1880ರಲ್ಲಿ, ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿತು. ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಕೂಲಿಗಳು ಬಂದರು. ಕನ್ನಡದವರು ಮುದ್ದೆ, ತಮಿಳಿನವರು ಕಳಿ, ತೆಲುಗಿನವರು ಸಂಗಟಿ ಎಂದರು. ಹೆಸರು ಮೂರಾದರೂ ರಾಗಿ ಒಂದೇ.

ಆ ರಾಗಿ ತಟ್ಟೆಗೆ ಬರುವವರೆಗೆ ಹೆಂಗಸರ ಮೈ ಎಷ್ಟು ದುಡಿಯುತ್ತಿತ್ತು ಎಂಬುದನ್ನು ಲೆಕ್ಕ ಹಾಕಬೇಕು. ಕಳೆ ಕೀಳುವುದು, ಕೊಯ್ಯುವುದು, ಕಣದಲ್ಲಿ ತೂರುವುದು, ಬೀಸುವುದು, ಕೊನೆಗೆ ಕೋಲು ಹಿಡಿದು ಮುದ್ದೆ ತಿರುವುವುದು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂತು. ಅದಾದ ಮೇಲೂ ಸುತ್ತಲ ಹಳ್ಳಿಗಳ ಹೆಂಗಸರು ದಶಕಗಳ ಕಾಲ ಬೆಳಗಿನ ಜಾವ ಎದ್ದು ಬೀಸುಕಲ್ಲು ತಿರುಗಿಸಿದರು. ಆಗ ಎರಡು ಮುದ್ದೆ ಉಂಡರೂ ಮೈಗೆ ಹತ್ತುತ್ತಿರಲಿಲ್ಲ. ಉಂಡದ್ದು ದುಡಿಮೆಗೇ ಕರಗುತ್ತಿತ್ತು.

ಗಣಿ ಕಾಲೊನಿಗಳಲ್ಲಿ ಒಲೆಯ ಹೊತ್ತನ್ನು ಪಾಳಿ ತೀರ್ಮಾನಿಸುತ್ತಿತ್ತು. ಗಂಡ ಒಂದು ಪಾಳಿ, ಮಗ ಇನ್ನೊಂದು ಪಾಳಿ ಎಂದರೆ ಆಕೆ ಹೊತ್ತಲ್ಲದ ಹೊತ್ತಿನಲ್ಲಿ ಅಡುಗೆ ಮಾಡಬೇಕು, ಬಡಿಸಬೇಕು. ಭೂಮಿಯೊಳಗೆ ಇಳಿಯುವವನಿಗೆ ಗಟ್ಟಿ ಪಾಲು, ಮಕ್ಕಳಿಗೆ ಮುಂದಿನ ಪಾಲು, ಪಾತ್ರೆಯ ತಳದಲ್ಲಿ ಉಳಿದದ್ದು ಆಕೆಗೆ. ಉಳಿಯದಿದ್ದರೆ ತಂಗಳು, ಅದೂ ಇಲ್ಲದಿದ್ದರೆ ಕಾಫಿ. ತನ್ನ ಹಸಿವು ಎಷ್ಟೊತ್ತಿಗೆ ಬರುತ್ತದೆ, ಎಷ್ಟಕ್ಕೆ ತುಂಬುತ್ತದೆ ಎಂದು ಗಮನಿಸಲು ಆಕೆಗೆ ಬಿಡುವೇ ಇರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಗಾದೆಯಲ್ಲಿ ಇರುವುದು ಬಲ್ಲವನು. ಬಲ್ಲವಳ ಮಾತೇ ಅದರಲ್ಲಿಲ್ಲ.

ಅಕ್ಕಿ ಹಬ್ಬದ ಧಾನ್ಯವಾಗಿತ್ತು, ಉಳ್ಳವರ ಗುರುತೂ ಆಗಿತ್ತು. ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ಭತ್ತ ಮತ್ತು ರಾಗಿಯ ನಡುವೆ ಜಗಳ ಹಚ್ಚಿ ರಾಗಿಯನ್ನು ಗೆಲ್ಲಿಸಿದರೂ, ಮರ್ಯಾದೆಯ ಊಟ ಅನ್ನವೇ ಆಗಿ ಉಳಿಯಿತು. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಾಗ ದೇಶದಲ್ಲಿ ಪಡಿತರದ ಕಾಲ ಬಂತು. 1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿತು, ಅಕ್ಕಿ ಮತ್ತು ಗೋಧಿಯ ಸಂಗ್ರಹಕ್ಕೆ ದಾರಿಯಾಯಿತು. ಇತ್ತ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ಎಷ್ಟೋ ರಾಗಿ ಹೊಲಗಳಲ್ಲಿ ನೀಲಗಿರಿ ಎದ್ದಿತು. ಹೊಲದ ರಾಗಿ ಕಡಿಮೆಯಾದಂತೆ ಅಂಗಡಿಯ ಅಕ್ಕಿ ಹೆಚ್ಚಿತು. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಯಲ್ಲೂ ದಿನವೂ ಅನ್ನ.

ಇದನ್ನು ದೂರುವುದು ನಮಗೆ ಇಷ್ಟವಿಲ್ಲ. ಧಾತು ಬರ ಕಂಡ ಜಿಲ್ಲೆಯಲ್ಲಿ ಮನೆಮನೆಗೆ ಅಕ್ಕಿ ತಲುಪಿದ್ದು ಸಣ್ಣ ಮಾತಲ್ಲ. ಆದರೆ ತಟ್ಟೆಯ ಅಳತೆ ಬದಲಾದದ್ದನ್ನೂ ಹೇಳಬೇಕು. ಮುದ್ದೆಗೆ ಎಣಿಕೆ ಇದೆ. ಒಂದು, ಒಂದೂವರೆ, ಎರಡು. ಅನ್ನಕ್ಕೆ ಎಣಿಕೆ ಇಲ್ಲ, ಇನ್ನೊಂದು ಸ್ವಲ್ಪ ಎಂಬುದೇ ಅಳತೆ. ರಾತ್ರಿ ಉಳಿದ ಅನ್ನವನ್ನು ಚೆಲ್ಲಬಾರದೆಂದು ಉಂಡು ಮುಗಿಸುವವಳೂ ಕೊನೆಗೆ ಕೂರುವವಳೇ. ಮೊದಲು ಉಳಿಯದೆ ಹಸಿದಿದ್ದಳು, ಈಗ ಉಳಿದದ್ದಕ್ಕಾಗಿ ಹೆಚ್ಚು ಉಣ್ಣುತ್ತಾಳೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಾಳಿ ನಿಂತರೂ ಓಟ ನಿಲ್ಲಲಿಲ್ಲ. ಮಾರಿಕುಪ್ಪಂ, ಉರಿಗಾಂ, ಬಂಗಾರಪೇಟೆ ಸ್ಟೇಷನ್ನುಗಳಿಂದ ಸಾವಿರಾರು ಮಂದಿ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ಮಗ, ಸೊಸೆ ಇಬ್ಬರೂ ಹೊರಟರೆ ಮನೆ, ಮೊಮ್ಮಕ್ಕಳು ಅಜ್ಜಿಯ ಪಾಲು. ಬೆಳಗಿನ ಡಬ್ಬಿಗೆ ಕಟ್ಟಿ ಉಳಿದ ಚಿತ್ರಾನ್ನ ಅವಳ ತಿಂಡಿ. ಮೊಮ್ಮಗು ಬಿಟ್ಟ ಬಿಸ್ಕತ್ತು, ಸಂಜೆ ಟೀ, ಒಮ್ಮೊಮ್ಮೆ ಮಕ್ಕಳ ಜೊತೆ ಬಂಗಾರಪೇಟೆಯ ಬಿಳಿ ನೀರಿನ ಪಾನಿಪುರಿ. ಊಟ ಟಿವಿ ಮುಂದೆ, ರೈಲಿನವರು ಬಂದ ಮೇಲೆ, ತಡವಾಗಿ. ಬೀಸುಕಲ್ಲು ಮೂಲೆ ಸೇರಿ ಎಷ್ಟೋ ಕಾಲವಾಯಿತು, ಮಂಡಿನೋವಿನಿಂದ ನಡಿಗೆಯೂ ಕಡಿಮೆ. ಮುಟ್ಟು ನಿಂತ ಮೇಲೆ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ದೇಹದ ಸ್ವಭಾವ. ಇವೆಲ್ಲ ಸೇರಿ ತೂಕವಾಗಿದೆ.

ಸರ್ಕಾರದ ಲೆಕ್ಕದಲ್ಲೂ ಆಕೆ ಕೊನೆಯವಳೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ (2015-16) ಕರ್ನಾಟಕದ ಹೆಂಗಸರಲ್ಲಿ ಅತಿತೂಕದವರು ಶೇ. 23.3. ಐದನೇ ಸುತ್ತಿನಲ್ಲಿ (2019-21) ಶೇ. 30.1. ಆದರೆ ಈ ಅಂಕಿ 15ರಿಂದ 49 ವರ್ಷದವರದು. ಐವತ್ತು ದಾಟಿದವರ ತೂಕ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಈಗ ಗಮನದ ಊಟಕ್ಕೆ ಬರೋಣ. ಇದರ ಬೇರು ಬೌದ್ಧ ಧ್ಯಾನದಲ್ಲಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬತ್ ಝಿನ್ ಎಂಬುವರು ಆಸ್ಪತ್ರೆಯ ರೋಗಿಗಳಿಗೆ ಧ್ಯಾನ ಕಲಿಸಲು ಶುರು ಮಾಡಿದರು. ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ಅಗಿಯುವುದು ಅಲ್ಲಿಯ ಒಂದು ಪಾಠ. ಹಸಿವಿಲ್ಲದೆ ಬೇಸರಕ್ಕೆ, ಚಿಂತೆಗೆ ತಿನ್ನುವ ಅಭ್ಯಾಸವನ್ನು ಇದು ತಗ್ಗಿಸುತ್ತದೆ ಎಂದು ಸಂಶೋಧನೆಗಳು ಹೇಳುತ್ತವೆ. ತೂಕ ಇಳಿಸುವುದರಲ್ಲಿ ಮಾತ್ರ ಇದು ಬೇರೆ ಪಥ್ಯಗಳಿಗಿಂತ ಮೇಲು ಎಂದು ಸಾಬೀತಾಗಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಮೂವತ್ತು ಸಲ ಅಗಿಯಿರಿ ಎಂದರೆ ಹಲ್ಲು ಹೋದ ಅಜ್ಜಿ ನಗುತ್ತಾಳೆ. ಆದರೆ ಬಿಸಿ ಮುದ್ದೆಯನ್ನು ಸಣ್ಣದಾಗಿ ಮುರಿದು, ಬೆರಳಲ್ಲಿ ಉಂಡೆ ಮಾಡಿ, ಬೆರಕೆ ಸೊಪ್ಪಿನ ಸಾರಿನಲ್ಲಿ ಅದ್ದಿ ಉಣ್ಣುವಾಗ ಅವಸರ ಮಾಡಲಾಗದು. ಒಣದ್ರಾಕ್ಷಿ ಕಲಿಸುವ ಗಮನ ಅದರಲ್ಲೇ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು ಇವೆ. ಪಾಲಿಶ್ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಮುಟ್ಟುವುದಿಲ್ಲ, ನಾರು 3 ಗ್ರಾಂ ಒಳಗೆ. ಹಾಗೆಂದು ರಾಗಿ ಮದ್ದಲ್ಲ. ಅದರ ಶಕ್ತಿಯೂ ಹೆಚ್ಚುಕಡಿಮೆ ಅಕ್ಕಿಯಷ್ಟೇ. ಬೀಸುಕಲ್ಲಿನ ಕಾಲದ ಎರಡು ಮುದ್ದೆ ಇವತ್ತಿನ ಮೈಗೆ ಬೇಕಾಗಿಲ್ಲ.

ತೂಕ ಇಳಿಸಬೇಕೆಂದು ಉಪವಾಸ ಕೂರುವುದೂ ಅಪಾಯ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಬರಿದೆ ಊಟ ಬಿಟ್ಟರೆ ಇನ್ನಷ್ಟು ಕರಗಿ ಬೀಳುವ ಭಯ ಹೆಚ್ಚುತ್ತದೆ. ಶುಗರ್ ಮಾತ್ರೆ ನುಂಗುವವರು ಊಟ ತಪ್ಪಿಸಿದರೆ ತಲೆಸುತ್ತು ಬರಬಹುದು. ಐಸಿಎಂಆರ್ 2020ರ ಲೆಕ್ಕದಲ್ಲಿ 55 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಹಾಲು ಡೇರಿಗೆ, ಮೊಟ್ಟೆ ಮೊಮ್ಮಕ್ಕಳಿಗೆ, ಸಾರಿನ ಕಾಳು ಗಂಡಸರಿಗೆ ಹೋದರೆ ಆಕೆಗೆ ಅದು ಎಲ್ಲಿಂದ ಬರಬೇಕು? ಹುರುಳಿ, ಅವರೆ ನಮ್ಮ ನೆಲದ ಬೆಳೆ. ಆಕೆಯ ತಟ್ಟೆಗೂ ಒಂದು ಸೌಟು ಕಾಳು ಬೀಳಬೇಕು.

ಆದ್ದರಿಂದ ಗಮನದ ಊಟದ ಪಾಠ ಅಜ್ಜಿಯೊಬ್ಬಳಿಗೇ ಸಾಲದು, ಮನೆಯವರೆಲ್ಲ ಕಲಿಯಬೇಕು. ರೈಲಿನವರು ಬರುವುದು ಎಂಟೂವರೆಯಾದರೆ ಆಕೆ ಏಳಕ್ಕೇ ಉಣ್ಣಲಿ. ಉಳಿದದ್ದನ್ನು ಮುಗಿಸುವ ಕೆಲಸ ಆಕೆಯದಲ್ಲ, ಅಳತೆ ಹಿಡಿದು ಅಕ್ಕಿ ಹಾಕೋಣ. ಮೊದಲು ಆಕೆಗೊಂದು ತಟ್ಟೆ ಹಾಕಿ ಕೂರಿಸೋಣ. ಹಸಿವೆಷ್ಟು, ಸಾಕಾಗುವುದು ಎಷ್ಟಕ್ಕೆ ಎಂಬುದನ್ನು ಆಮೇಲೆ ಆಕೆಯೇ ಹೇಳುತ್ತಾಳೆ.