ಮೃಗಾಲಯಗಳಲ್ಲಿ ಮಹಾವಾನರಗಳ ವಾಸಸ್ಥಳ: ಒಂದು ಚಾರಿತ್ರಿಕ ಸಮೀಕ್ಷೆ

ಬೇಸಗೆಯ ರಜೆಯಲ್ಲಿಯೋ ದಸರೆಯಲ್ಲಿಯೋ ಮೈಸೂರಿಗೆ ಹೋದ ಹೊರನಾಡ ಕನ್ನಡಿಗರ ಸಂಸಾರಗಳು ಶ್ರೀ ಚಾಮರಾಜೇಂದ್ರ ಮೃಗಾಲಯವನ್ನು ನೋಡದೆ ಹಿಂದಿರುಗುವುದು ವಿರಳ. ೧೯೯೫ರಿಂದ ೨೦೧೪ರ ವರೆಗಿನ ಅವಧಿಯಲ್ಲಿ ಅಲ್ಲಿಗೆ ಹೋದವರು ಪೋಲೊ ಎಂಬ ಗೊರಿಲ್ಲವನ್ನು ಕಂಡಿರಬೇಕು. ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಬಂದ ಆ ಗಂಡು ಗೊರಿಲ್ಲ ಆಗ ಭಾರತದಲ್ಲಿದ್ದ ಏಕೈಕ ಗೊರಿಲ್ಲವಾಗಿತ್ತು. 'ಏಕೈಕ' ಎಂಬ ಆ ವಿಶೇಷಣ ನೋಡಹೋದವರಿಗೆ ಹೆಮ್ಮೆಯ ಮಾತು. ಪ್ರಾಣಿಯ ಪಾಲಿಗೆ ಅದು ಸುಮಾರು ಹತ್ತೊಂಬತ್ತು ವರ್ಷಗಳ ಒಂಟಿತನದ ಇನ್ನೊಂದು ಹೆಸರು.

ಈ ಎರಡು ಅರ್ಥಗಳ ನಡುವಣ ಅಂತರವೇ ಪ್ರಸ್ತುತ ಲೇಖನದ ವಿಷಯ. ಮಹಾವಾನರಗಳಿಗೆ ಮೃಗಾಲಯದಲ್ಲಿ ಎಷ್ಟು ಸ್ಥಳ ಬೇಕು ಎಂಬ ಪ್ರಶ್ನೆಗೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯುಂಟು. ಆ ಚರಿತ್ರೆಯನ್ನು ಅವಲೋಕಿಸಿದರೆ ಉತ್ತರದೊಂದಿಗೆ ಪ್ರಶ್ನೆಯೂ ಮತ್ತೆ ಮತ್ತೆ ಬದಲಾದುದು ಕಂಡುಬರುತ್ತದೆ. ಮೊದಲು ಶಾಖ, ಅನಂತರ ಗಾಳಿ, ಆಮೇಲೆ ವಿಸ್ತಾರ, ಕಟ್ಟಕಡೆಗೆ ಸಹವಾಸ—ಈ ಕ್ರಮದಲ್ಲಿ ಮನುಷ್ಯನು ಒಂದೊಂದನ್ನೇ ಕಲಿತನು. ಕಲಿಕೆಯ ಬೆಲೆಯನ್ನು ಪ್ರತಿಸಲವೂ ತೆತ್ತದ್ದು ವಾನರಗಳು.

ಮಹಾವಾನರಗಳೆಂದರೆ ಬಾಲವಿಲ್ಲದ, ದೊಡ್ಡ ಮೈಕಟ್ಟಿನ, ಮನುಷ್ಯನಿಗೆ ಅತ್ಯಂತ ಸಮೀಪದ ಬಂಧುಗಳಾದ ನಾಲ್ಕು ಬಗೆಯ ಪ್ರಾಣಿಗಳು: ಆಫ್ರಿಕದ ಚಿಂಪಾಂಜಿ, ಬೊನೊಬೊ, ಗೊರಿಲ್ಲ, ಮತ್ತು ಬೋರ್ನಿಯೊ, ಸುಮಾತ್ರ ದ್ವೀಪಗಳ ಒರಾಂಗುಟಾನ್. ಮಲಯ ಭಾಷೆಯಲ್ಲಿ ಒರಾಂಗುಟಾನ್ ಎಂದರೆ ಕಾಡಿನ ಮನುಷ್ಯ. ನಮ್ಮಲ್ಲಿಯೂ 'ವಾನರ' ಎಂಬ ಪದವನ್ನು 'ವಾ ನರಃ'—ಇವನು ನರನೇ ಏನು?—ಎಂದು ಬಿಡಿಸುವ ರೂಢಿಯೊಂದುಂಟು. ಶಬ್ದಶಾಸ್ತ್ರದ ದೃಷ್ಟಿಯಿಂದ ಈ ನಿರುಕ್ತಿಯ ಬಲ ಎಷ್ಟೇ ಇರಲಿ, ಮೃಗಾಲಯದ ಪಂಜರದ ಮುಂದೆ ನಿಂತವರ ಮನಸ್ಸಿನಲ್ಲಿ ಹುಟ್ಟುವ ಸಂದೇಹವನ್ನು ಅದು ಸರಿಯಾಗಿ ಹೇಳುತ್ತದೆ.

೧

ಲಂಡನ್ನಿನ ಪ್ರಾಣಿಶಾಸ್ತ್ರ ಸಂಘ ಸ್ಥಾಪಿತವಾದುದು ೧೮೨೬ರಲ್ಲಿ. ರೀಜೆಂಟ್ಸ್ ಪಾರ್ಕಿನಲ್ಲಿ ಅದರ ಉದ್ಯಾನ ತೆರೆದುದು ೧೮೨೮ರಲ್ಲಿ. ೧೮೩೫ರಲ್ಲಿ ಅಲ್ಲಿಗೆ ಟಾಮಿ ಎಂಬ ಎಳೆಯ ಚಿಂಪಾಂಜಿ ಬಂದಿತು, ಮರುವರ್ಷವೇ ಸತ್ತಿತು. ೧೮೩೭ರ ಕೊನೆಗೆ ಜೆನ್ನಿ ಎಂಬ ಒರಾಂಗುಟಾನ್ ಬಂದಾಗ ಅದನ್ನು ಜಿರಾಫೆಗಳ ಮನೆಯಲ್ಲಿ ಇರಿಸಿದರು. ಶಾಖದ ಏರ್ಪಾಡು ಅಲ್ಲಿದ್ದುದೇ ಇದಕ್ಕೆ ಕಾರಣ. ಉಷ್ಣದೇಶದ ಪ್ರಾಣಿಗೆ ಬೇಕಾದುದು ಬಿಸಿ, ಅದೊಂದಿದ್ದರೆ ಉಳಿದುದೆಲ್ಲ ಇದ್ದಂತೆಯೇ ಎಂಬುದು ಆ ಕಾಲದ ತಿಳಿವಳಿಕೆ.

೧೮೩೮ರ ಮಾರ್ಚಿಯಲ್ಲಿ ಚಾರ್ಲ್ಸ್ ಡಾರ್ವಿನ್ನನು ಈ ಜೆನ್ನಿಯನ್ನು ನೋಡಿದನು. ಕಾವಲುಗಾರನು ಸೇಬೊಂದನ್ನು ತೋರಿಸಿ ಕೊಡದೆ ಹೋದಾಗ ಅದು ಹಟಮಾರಿ ಮಗುವಿನಂತೆ ಅಂಗಾತ ಬಿದ್ದು ಕಾಲು ಬಡಿದು ಅತ್ತುದನ್ನೂ, ಅಳು ನಿಲ್ಲಿಸಿದರೆ ಕೊಡುವೆನೆಂದು ಅವನು ಹೇಳಿದಾಗ ಮಾತನ್ನು ತಿಳಿದುಕೊಂಡು ಸುಮ್ಮನಾಗಿ, ಹಣ್ಣನ್ನು ಪಡೆದು, ಕುರ್ಚಿಯಲ್ಲಿ ಕುಳಿತು ತೃಪ್ತಿಯಿಂದ ತಿಂದುದನ್ನೂ ಡಾರ್ವಿನ್ನನು ತನ್ನ ಸೋದರಿಗೆ ಪತ್ರದಲ್ಲಿ ಬರೆದನು. ಮಾನವನ ಉತ್ಪತ್ತಿಯನ್ನು ಕುರಿತ ಅವನ ವಿಚಾರಗಳು ಆಗ ರೂಪುಗೊಳ್ಳುತ್ತಿದ್ದವು. ೧೮೪೨ರಲ್ಲಿ ವಿಕ್ಟೋರಿಯ ರಾಣಿ ಅದೇ ಹೆಸರಿನ ಮತ್ತೊಂದು ಒರಾಂಗುಟಾನನ್ನು ಕಂಡು, ಅದರ ಮನುಷ್ಯಸಾದೃಶ್ಯದಿಂದ ಕಸಿವಿಸಿಗೊಂಡು, ದಿನಚರಿಯಲ್ಲಿ ಹಾಗೆಯೇ ಬರೆದಿಟ್ಟಳು. ಒಬ್ಬನಿಗೆ ಕುತೂಹಲ, ಒಬ್ಬಳಿಗೆ ಜುಗುಪ್ಸೆ. ಬಾಂಧವ್ಯವನ್ನು ಇಬ್ಬರೂ ಗುರುತಿಸಿದರು. ಆದರೆ ಆ ಬಂಧುವಿನ ಮನೆ ಹೇಗಿರಬೇಕೆಂಬ ಪ್ರಶ್ನೆ ಆಗ ಏಳಲಿಲ್ಲ.

ಮುಂದಿನ ಹಲವು ದಶಕಗಳ ಚರಿತ್ರೆ ಶೋಚನೀಯವಾದುದು. ಬಿಸಿ ಮಾಡಿ ಮುಚ್ಚಿಟ್ಟ, ಗಾಳಿಯಾಡದ ಮನೆಗಳಲ್ಲಿ ಮಹಾವಾನರಗಳು ಶ್ವಾಸಕೋಶದ ರೋಗಗಳಿಂದ ಒಂದೊಂದಾಗಿ ಸತ್ತವು. ಮನುಷ್ಯನಿಗೆ ಅಂಟುವ ನೆಗಡಿ, ಕ್ಷಯಗಳು ಅವಕ್ಕೂ ಅಂಟುತ್ತವೆಂಬುದು ನೋಡಲು ಬಂದ ಜನರಿಗೆ ತಿಳಿದಿರಲಿಲ್ಲ. ಲಂಡನ್ನಿಗೆ ೧೮೮೭ರಲ್ಲಿ ಬಂದ ಮೊದಲ ಗೊರಿಲ್ಲ ಕೆಲವೇ ತಿಂಗಳು ಬದುಕಿತು. ಗೊರಿಲ್ಲ ಸೆರೆಯಲ್ಲಿ ಬದುಕಲಾರದ ಪ್ರಾಣಿ ಎಂಬ ಅಭಿಪ್ರಾಯವೇ ಅನುಭವಸ್ಥರಲ್ಲಿ ಬೇರೂರಿತು.

೨

ಈ ಸ್ಥಿತಿಯನ್ನು ಬದಲಿಸಿದವು ಎರಡು ಪ್ರಯತ್ನಗಳು. ಮೊದಲನೆಯದು ಜರ್ಮನಿಯ ಪ್ರಾಣಿವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ಕನದು. ಅವನು ೧೯೦೭ರಲ್ಲಿ ಹ್ಯಾಂಬುರ್ಗ್ ಬಳಿಯ ಸ್ಟೆಲಿಂಗೆನ್ನಿನಲ್ಲಿ ತೆರೆದ ಮೃಗಾಲಯದಲ್ಲಿ ಕಂಬಿಗಳ ಬದಲು ಕಂದಕಗಳಿದ್ದವು. ನೋಡುವವರಿಗೂ ಪ್ರಾಣಿಗೂ ನಡುವೆ ಬರಿಯ ಬಯಲಿದ್ದಂತೆ ತೋರುತ್ತಿತ್ತು. ಎರಡನೆಯದು, ೧೯೦೩ರಿಂದ ೧೯೩೫ರ ವರೆಗೆ ಲಂಡನ್ ಸಂಘದ ಕಾರ್ಯದರ್ಶಿಯಾಗಿದ್ದ ಪೀಟರ್ ಚಾಮರ್ಸ್ ಮಿಚೆಲ್ಲನದು. ಬಿಸಿಗಿಂತ ಹೊಸ ಗಾಳಿ ಮುಖ್ಯವೆಂದು ಅವನು ವಾದಿಸಿ, ಪ್ರಾಣಿಗಳನ್ನು ಹೊರಗೆ ಬಿಡುವ ಪದ್ಧತಿಯನ್ನು ತಂದನು.

ಹಾಗೆನ್‌ಬೆಕ್ಕನ ಕಂದಕ ಭಾರತಕ್ಕೂ ಬಂದಿತು. ೧೯೫೯ರಲ್ಲಿ ತೆರೆದ ದೆಹಲಿಯ ಮೃಗಾಲಯದ ನಕ್ಷೆಯನ್ನು ಸಿದ್ಧಗೊಳಿಸುವುದರಲ್ಲಿ ಆ ಮನೆತನದವನೇ ಒಬ್ಬನ ಸಲಹೆಯನ್ನು ಪಡೆಯಲಾಗಿತ್ತು. ಆದರೆ ಕಂದಕದ ವಿಷಯದಲ್ಲಿ ಒಂದು ಮಾತನ್ನು ಮರೆಯಲಾಗದು. ಕಂಬಿ ಮರೆಯಾದುದರಿಂದ ಮೊದಲು ಸಮಾಧಾನವಾದುದು ನೋಡುವವನ ಕಣ್ಣಿಗೆ. ಒಳಗಿನ ನೆಲ ಎಷ್ಟೋ ಕಡೆ ಬೋಳು ಸಿಮೆಂಟಿನದಾಗಿಯೇ ಉಳಿಯಿತು. ಈಜು ಬಾರದ ವಾನರಗಳು ನೀರಿನ ಕಂದಕಕ್ಕೆ ಬಿದ್ದು ಸತ್ತ ಪ್ರಸಂಗಗಳೂ ಹಲವು.

ನೋಟಕನಿಗಾಗಿ ಕಟ್ಟಿದ ಮನೆಗೆ ಅತ್ಯಂತ ಪ್ರಸಿದ್ಧವಾದ ನಿದರ್ಶನ ಲಂಡನ್ನಿನ ಗೊರಿಲ್ಲಗೃಹ. ಮೋಕ್, ಮೋಯ್ನ ಎಂಬ ಜೋಡಿಗಾಗಿ ವಾಸ್ತುಶಿಲ್ಪಿ ಲುಬೆಟ್ಕಿನ್ ಮತ್ತು ಅವನ ಟೆಕ್ಟನ್ ತಂಡದವರು ೧೯೩೩ರಲ್ಲಿ ಅದನ್ನು ಕಟ್ಟಿದರು. ಕಾಂಕ್ರೀಟಿನ ವರ್ತುಲಾಕಾರದ ಮನೆ; ಬೇಸಗೆಯಲ್ಲಿ ಅದರ ಅರ್ಧ ಭಾಗವನ್ನು ಗಾಳಿಬೆಳಕಿಗೆ ತೆರೆಯಬಹುದು, ಚಳಿಗಾಲದಲ್ಲಿ ಮುಚ್ಚಬಹುದು. ಆಧುನಿಕ ವಾಸ್ತುಶಿಲ್ಪದ ಗ್ರಂಥಗಳಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳಲ್ಲಿ ಅದೂ ಒಂದು. ಗೊರಿಲ್ಲಗಳಿಗೆ ತಕ್ಕ ಮನೆ ಅದಲ್ಲವೆಂದು ಕಾಲಕ್ರಮದಲ್ಲಿ ತಿಳಿದು, ಅದು ಬೇರೆ ಪ್ರಾಣಿಗಳ ಪಾಲಾಯಿತು. ಕಟ್ಟಡ ಉಳಿಯಿತು, ಯಾರಿಗಾಗಿ ಕಟ್ಟಿದರೋ ಅವರಿಗೆ ಒದಗಲಿಲ್ಲ.

೩

ಗಾಳಿ, ಆಹಾರ, ವೈದ್ಯಗಳು ಸುಧಾರಿಸಿದಂತೆ ಮಹಾವಾನರಗಳು ಬದುಕತೊಡಗಿದವು. ಆಗ ಮತ್ತೊಂದು ಕೊರತೆ ಬೆಳಕಿಗೆ ಬಂದಿತು. ೧೯೪೭ರಲ್ಲಿ ಲಂಡನ್ನಿಗೆ ಮರಿಯಾಗಿ ಬಂದ ಗೈ ಎಂಬ ಗೊರಿಲ್ಲ ೧೯೭೮ರಲ್ಲಿ ಹಲ್ಲಿನ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಹೃದಯ ನಿಂತು ಸತ್ತಿತು. ನಗರವೆಲ್ಲ ಪ್ರೀತಿಸಿದ ಆ ಪ್ರಾಣಿ ತನ್ನ ಪಂಜರಕ್ಕೆ ಬಂದ ಗುಬ್ಬಚ್ಚಿಗಳನ್ನು ಅಂಗೈಯಲ್ಲಿ ಮೆಲ್ಲನೆ ಎತ್ತಿ ನೋಡಿ ಬಿಟ್ಟುಬಿಡುತ್ತಿತ್ತೆಂದು ಕಂಡವರು ಹೇಳಿದ್ದಾರೆ. ಅದಕ್ಕೆ ಸಂಗಾತಿಯನ್ನು ತಂದುದು ಬಹಳ ತಡವಾಗಿ, ಸಂತಾನವಾಗಲಿಲ್ಲ.

ಅಮೆರಿಕದ ಅಟ್ಲಾಂಟ ನಗರದ ವಿಲ್ಲಿ ಬಿ. ಎಂಬ ಗೊರಿಲ್ಲದ ಕಥೆ ಇನ್ನೂ ಬೋಧಪ್ರದವಾದುದು. ೧೯೬೧ರಲ್ಲಿ ಬಂದ ಅದು ಇಪ್ಪತ್ತೇಳು ವರ್ಷಗಳನ್ನು ಕಟ್ಟಡದೊಳಗಿನ ಪಂಜರದಲ್ಲಿ ಒಂಟಿಯಾಗಿ ಕಳೆಯಿತು. ಜೊತೆಗೆ ಇದ್ದವು ತೂಗುಬಿಟ್ಟ ಒಂದು ಟಯರು ಮತ್ತು ಒಂದು ಟೆಲಿವಿಷನ್. ೧೯೮೪ರಲ್ಲಿ ಆ ಮೃಗಾಲಯದ ದುಃಸ್ಥಿತಿ ಬಹಿರಂಗವಾಗಿ ಕೋಲಾಹಲವೆದ್ದ ಮೇಲೆ ಸುಧಾರಣೆಗಳಾದವು. ೧೯೮೮ರಲ್ಲಿ ವಿಲ್ಲಿ ಬಿ. ಹೊರಗಿನ ಹುಲ್ಲುನೆಲದ ಮೇಲೆ ಕಾಲಿಟ್ಟಿತು. ಅನಂತರ ಅದು ಹೆಣ್ಣು ಗೊರಿಲ್ಲಗಳೊಡನೆ ಬೆರೆತು ೧೯೯೪ರಲ್ಲಿ ತಂದೆಯಾಯಿತು. ೨೦೦೦ದಲ್ಲಿ ಸಾಯುವಾಗ ಮಕ್ಕಳಿದ್ದ ಸಂಸಾರದ ಯಜಮಾನನಾಗಿತ್ತು. ಮೂವತ್ತು ದಾಟಿದ ಪ್ರಾಣಿ ಸಂಸಾರವನ್ನು ಕಲಿಯಲಾರದೆಂಬ ಶಂಕೆಯನ್ನು ಅದು ಸುಳ್ಳು ಮಾಡಿತು. ಆದರೆ ಹಿಂದಿನ ಇಪ್ಪತ್ತೇಳು ವರ್ಷಗಳು ಅನಿವಾರ್ಯವಾಗಿರಲಿಲ್ಲವೆಂಬುದನ್ನೂ ಅದೇ ಸಿದ್ಧಪಡಿಸಿತು.

ಈ ಮಧ್ಯೆ ವಿದ್ವಾಂಸರು ಕಾಡಿಗೆ ಹೋಗಿ ನೋಡತೊಡಗಿದರು. ಜಾರ್ಜ್ ಷಾಲರನು ೧೯೫೯ರಲ್ಲಿ ವಿರುಂಗ ಪರ್ವತಗಳ ಗೊರಿಲ್ಲಗಳನ್ನೂ, ಜೇನ್ ಗುಡಾಲಳು ೧೯೬೦ರಿಂದ ಗೊಂಬೆಯ ಚಿಂಪಾಂಜಿಗಳನ್ನೂ ಅಭ್ಯಸಿಸಿದರು. ಗೊರಿಲ್ಲಗಳದು ಹಿರಿಯ ಗಂಡಿನ ನೆರಳಿನಲ್ಲಿ ಬಾಳುವ ಕೂಡುಕುಟುಂಬ. ಚಿಂಪಾಂಜಿಗಳದು ಕೂಡುತ್ತ ಅಗಲುತ್ತ ಇರುವ ದೊಡ್ಡ ಸಮುದಾಯ. ಒರಾಂಗುಟಾನಿನದು ಮರದ ಮೇಲಿನ, ಬಹುಮಟ್ಟಿಗೆ ಏಕಾಂತದ ಬಾಳು. ಅವುಗಳ ಸಂಚಾರಕ್ಷೇತ್ರ ಚದರ ಕಿಲೋಮೀಟರುಗಳ ಲೆಕ್ಕದ್ದು. ಯಾವ ಮೃಗಾಲಯವೂ ಅಷ್ಟನ್ನು ಕೊಡಲಾರದು. ಹಾಗಾದರೆ ಕೊಡಬಹುದಾದುದೇನು?

೪

ಈ ಪ್ರಶ್ನೆಗೆ ಶಾಸ್ತ್ರೀಯ ಉತ್ತರವನ್ನು ಮೊದಲು ಅರಸಿದವನು ಸ್ವಿಟ್ಸರ್ಲೆಂಡಿನ ಹೈನಿ ಹೆಡಿಗರ್. ಬರ್ನ್, ಬಾಸೆಲ್, ಜೂರಿಕ್ ಮೃಗಾಲಯಗಳನ್ನು ನಡೆಸಿದ ಆತನು ೧೯೪೨ರ ತನ್ನ ಗ್ರಂಥದಲ್ಲಿ, ಕಾಡಿನ ಪ್ರಾಣಿಯೂ ಮನಬಂದಂತೆ ಅಲೆಯುವುದಿಲ್ಲ, ಅದಕ್ಕೆ ತನ್ನದೇ ಆದ ಸೀಮೆ, ದಾರಿ, ವಿಶ್ರಾಂತಿಸ್ಥಾನಗಳಿರುತ್ತವೆ ಎಂದು ಪ್ರತಿಪಾದಿಸಿದನು. ಆದುದರಿಂದ ಸ್ಥಳದ ಅಳತೆಗಿಂತ ಅದರ ಗುಣ ಮುಖ್ಯ. ಕೊಟ್ಟ ಜಾಗ ತನ್ನದೆಂದು ಪ್ರಾಣಿಗೆ ಅನ್ನಿಸಬೇಕು. ಬೇಡವೆನಿಸಿದಾಗ ಕಣ್ಮರೆಯಾಗಲು ಮರೆ ಇರಬೇಕು ಎಂಬುದು ಅವನ ವಿಚಾರದ ಸಾರ. ಈ ಮಾತನ್ನು ಸಣ್ಣ ಪಂಜರದ ಸಮರ್ಥನೆಗಾಗಿ ಬಳಸಿಕೊಳ್ಳುವುದು ಸುಲಭ. ಆದರೆ ಗುಣಕ್ಕೂ ಒಂದು ಕನಿಷ್ಠ ವಿಸ್ತಾರ ಬೇಕು. ಅಡಗಲು ಎಡೆಯಿಲ್ಲದ ಜಾಗದಲ್ಲಿ ಮರೆ ಎಲ್ಲಿಂದ ಬಂದೀತು?

ಇದರ ಅತ್ಯುತ್ತಮ ಪರೀಕ್ಷೆ ನಡೆದುದು ಹಾಲೆಂಡಿನ ಆರ್ನೆಮ್ ನಗರದಲ್ಲಿ. ಅಲ್ಲಿಯ ಬರ್ಗರ್ಸ್ ಮೃಗಾಲಯದಲ್ಲಿ ೧೯೭೧ರಲ್ಲಿ ಸುಮಾರು ಒಂದು ಹೆಕ್ಟೇರಿನ, ಎಂದರೆ ಎರಡೂವರೆ ಎಕರೆಯ ಬಯಲಿನಲ್ಲಿ ಚಿಂಪಾಂಜಿಗಳ ದೊಡ್ಡ ಸಮುದಾಯವೊಂದನ್ನು ನೆಲೆಗೊಳಿಸಿದರು. ಫ್ರಾನ್ಸ್ ಡಿ ವಾಲನು ಹಲವು ವರ್ಷ ಕಾದು ನೋಡಿ, ಅವುಗಳ ಅಧಿಕಾರಸ್ಪರ್ಧೆ, ಮೈತ್ರಿ, ರಾಜಿಗಳನ್ನು ೧೯೮೨ರ ಗ್ರಂಥದಲ್ಲಿ ವರ್ಣಿಸಿದನು. ಚಳಿಗಾಲದಲ್ಲಿ ಇವನ್ನು ಒಳಮನೆಗೆ ಸೇರಿಸುತ್ತಿದ್ದರು. ಆಗ ದೊರೆಯುತ್ತಿದ್ದ ಸ್ಥಳ ಹೊರಗಿನದರ ಸುಮಾರು ಇಪ್ಪತ್ತರಲ್ಲೊಂದು ಪಾಲು. ಜಗಳ ಇಪ್ಪತ್ತು ಮಡಿಯಾಗಬಹುದೆಂದು ಯಾರಾದರೂ ಊಹಿಸಿಯಾರು. ಕಂಡುಬಂದುದು ಬೇರೆ. ಜಗಳ ಇಮ್ಮಡಿಯೂ ಆಗಲಿಲ್ಲ. ಅದರೊಡನೆ ಒಂದರ ಮೈಯನ್ನು ಇನ್ನೊಂದು ಸವರುವುದು, ತಗ್ಗಿ ವಂದಿಸಿ ಶಾಂತಗೊಳಿಸುವುದು ಹೆಚ್ಚಿದವು. ಇಕ್ಕಟ್ಟನ್ನು ಅವು ಸೌಜನ್ಯದಿಂದ ತುಂಬಿಕೊಂಡವು. ಮುಂಬಯಿಯ ಚಾಳಿನ ಒಂದೇ ಖೋಲಿಯಲ್ಲಿ ದೊಡ್ಡ ಸಂಸಾರ ಬಾಳಿದುದನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಹಾಗೆಂದು ಖೋಲಿಯೇ ಸಾಕೆಂದು ಅದರಲ್ಲಿ ಬಾಳಿದವರು ಹೇಳುವುದಿಲ್ಲ. ಆರ್ನೆಮಿನ ವಾನರಗಳಿಗೂ ವಸಂತದಲ್ಲಿ ಬಾಗಿಲು ತೆರೆಯುತ್ತಿತ್ತು.

ಒರಾಂಗುಟಾನಿಗೆ ಬೇಕಾದುದು ನೆಲದ ಅಗಲಕ್ಕಿಂತ ಎತ್ತರ. ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ೧೯೯೫ರಲ್ಲಿ ಎತ್ತರದ ಗೋಪುರಗಳನ್ನು ನಿಲ್ಲಿಸಿ ಅವುಗಳ ನಡುವೆ ಹಗ್ಗದಂಥ ಉಕ್ಕಿನ ತಂತಿಗಳನ್ನು ಕಟ್ಟಿದರು. ಒಂದು ಮನೆಯಿಂದ ಇನ್ನೊಂದು ಮನೆಗೆ ಒರಾಂಗುಟಾನುಗಳು ಜನರ ತಲೆಯ ಮೇಲೆಯೇ ಹಾದುಹೋಗುವ ವ್ಯವಸ್ಥೆ ಇದು. ಎಂದು ಹೋಗಬೇಕು, ಹೋಗಬೇಕೋ ಬೇಡವೋ ಎಂಬ ನಿರ್ಣಯ ಪ್ರಾಣಿಯದೇ.

೫

ಈಗ ನಮ್ಮ ನಾಡಿಗೆ ಬರೋಣ. ಮೈಸೂರಿನ ಮೃಗಾಲಯ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ೧೮೯೨ರಲ್ಲಿ ಪ್ರಾರಂಭವಾಯಿತು. ಉದ್ಯಾನ ನಿರ್ಮಾಣದಲ್ಲಿ ಹೆಸರಾದ ಜರ್ಮನಿಯ ಕೃಂಬಿಗಲ್ ಅದರ ರಚನೆಯಲ್ಲಿ ಪಾಲ್ಗೊಂಡಿದ್ದನು. ಸರಿಯಾಗಿ ನೂರು ವರ್ಷಗಳ ಅನಂತರ, ೧೯೯೨ರಲ್ಲಿ, ಕೇಂದ್ರ ಮೃಗಾಲಯ ಪ್ರಾಧಿಕಾರ ಸ್ಥಾಪಿತವಾಗಿ ನಿಯಮಾವಳಿ ಬಂದಿತು. ಪ್ರಾಣಿಗಳನ್ನು ಸಹಜ ಸಾಮಾಜಿಕ ಗುಂಪುಗಳಲ್ಲಿ ಇರಿಸಬೇಕು, ಯುಕ್ತ ಕಾರಣವಿಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಜೊತೆಯಿಲ್ಲದೆ ಇರಿಸಕೂಡದು ಎಂಬುದು ಅದರಲ್ಲಿ ಸೇರಿತ್ತು. ಪೋಲೊ ಬಂದುದು ಈ ನಿಯಮ ಬಂದ ಮೂರು ವರ್ಷಗಳ ಮೇಲೆ.

ನ್ಯಾಯವಾಗಿ ಹೇಳುವುದಾದರೆ, ಗೊರಿಲ್ಲಕ್ಕೆ ಸಂಗಾತಿಯನ್ನು ಹುಡುಕುವುದು ಹಣದಿಂದ ಆಗುವ ಕೆಲಸವಲ್ಲ. ಅಪಾಯಕ್ಕೀಡಾದ ಜೀವಿಗಳ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದ ೧೯೭೫ರಲ್ಲಿ ಜಾರಿಗೆ ಬಂದ ಮೇಲೆ ಕಾಡಿನಿಂದ ಗೊರಿಲ್ಲಗಳನ್ನು ತರುವ ದಾರಿ ಮುಚ್ಚಿತು. ಅದು ಮುಚ್ಚಬೇಕಾದ ದಾರಿಯೇ ಆಗಿತ್ತು. ಮೃಗಾಲಯಗಳಲ್ಲಿ ಹುಟ್ಟಿದವುಗಳ ವರ್ಗಾವಣೆಯನ್ನು ವಂಶಾವಳಿ ನೋಡಿ ನಿರ್ಣಯಿಸಲಾಗುತ್ತದೆ. ಮೈಸೂರಿನವರು ಪ್ರಯತ್ನಿಸದೆ ಇರಲಿಲ್ಲ. ಆದರೂ ೨೦೧೪ರಲ್ಲಿ ಪೋಲೊ ಒಂಟಿಯಾಗಿಯೇ ಸತ್ತಿತು. ೨೦೨೧ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬ ಎಂಬ ಎರಡು ಗಂಡು ಗೊರಿಲ್ಲಗಳು ಹೊಸದಾಗಿ ಕಟ್ಟಿದ ಆವರಣಕ್ಕೆ ಬಂದವು. ಅವು ಎರಡಾಗಿ ಬಂದುದು ಪೋಲೊವಿನ ಚರಿತ್ರೆಯಿಂದ ಕಲಿತ ಪಾಠವೆಂದು ನಾವು ತಿಳಿಯಬಹುದು.

ಬೇರೆಡೆ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಅರ್ಜೆಂಟೀನದ ಮೆಂಡೋಜ ನಗರದಲ್ಲಿ ಜೊತೆಗಾರರನ್ನು ಕಳೆದುಕೊಂಡು ಸಿಮೆಂಟಿನ ಆವರಣದಲ್ಲಿ ಒಂಟಿಯಾಗಿದ್ದ ಸೆಸಿಲಿಯ ಎಂಬ ಚಿಂಪಾಂಜಿಯ ಪರವಾಗಿ, ಅಕ್ರಮ ಬಂಧನದಲ್ಲಿರುವ ಮನುಷ್ಯನಿಗಾಗಿ ಹಾಕುವಂಥ ಅರ್ಜಿಯನ್ನೇ ಹಾಕಿದರು. ೨೦೧೬ರಲ್ಲಿ ನ್ಯಾಯಾಧೀಶೆ ಅದನ್ನು ಮನ್ನಿಸಿದರು. ಮರುವರ್ಷ ಸೆಸಿಲಿಯ ಬ್ರೆಜಿಲಿನ ಆಶ್ರಯಧಾಮವೊಂದಕ್ಕೆ ಹೋಯಿತು. ವಾನರಕ್ಕೆ ನ್ಯಾಯದ ಕಣ್ಣಿನಲ್ಲಿ ಯಾವ ಸ್ಥಾನವೆಂಬುದರ ಬಗೆಗೆ ಭಿನ್ನಾಭಿಪ್ರಾಯಗಳಿರಬಹುದು. ಆ ತೀರ್ಪು ಎತ್ತಿದ ಪ್ರಶ್ನೆಯನ್ನು ಮಾತ್ರ ತಳ್ಳಿಹಾಕಲಾಗದು.

ಮೃಗಾಲಯಗಳೇ ಬೇಡವೆನ್ನುವವರೂ, ಅವಿಲ್ಲದೆ ಈ ಜೀವಿಗಳನ್ನು ಉಳಿಸಲಾಗದೆನ್ನುವವರೂ ಇದ್ದಾರೆ. ಆ ವಾದ ತೀರುವ ವರೆಗೆ ಈಗಾಗಲೆ ಆವರಣದೊಳಗೆ ಇರುವ ಪ್ರಾಣಿ ಕಾಯಲಾರದು. ಮುಂದಿನ ಸಲ ಮಕ್ಕಳೊಡನೆ ಮೃಗಾಲಯಕ್ಕೆ ಹೋದಾಗ ಆವರಣ ಎಷ್ಟು ಅಡಿ ಎಂದು ಅಳೆಯುವುದರ ಜೊತೆಗೆ ವಾಚಕರು ಇನ್ನೂ ಮೂರನ್ನು ಗಮನಿಸಲಿ: ಪ್ರಾಣಿಗೆ ತನ್ನ ಜಾತಿಯ ಜೊತೆ ಇದೆಯೆ? ಏರಲು ಎತ್ತರವಿದೆಯೆ? ನಮ್ಮ ಕಣ್ಣಿಗೆ ಬೀಳದೆ ಇರಲು ಅದಕ್ಕೆ ಒಂದು ಮೂಲೆಯಿದೆಯೆ? ಹಾಗೆ ಮೂಲೆ ಸೇರಿದ ದಿನ ವಾನರವನ್ನು ನೋಡಲಾಗದೆ ಮಕ್ಕಳು ಬೇಸರಪಟ್ಟುಕೊಂಡರೆ, ಕಾರಣವನ್ನು ಅವರಿಗೆ ತಿಳಿಯಹೇಳುವುದು ಹಿರಿಯರ ಕರ್ತವ್ಯ.