ಶ್ರೀವೈಷ್ಣವ ಸಮುದಾಯದ ಸ್ವರೂಪ: ಕ್ರಿ.ಶ. 1368ರ ಶ್ರವಣಬೆಳಗೊಳ ಶಾಸನದ ಸಾಕ್ಷ್ಯ

ಯಾವುದೇ ದರ್ಶನದ ಚರಿತ್ರೆಯನ್ನು ಬರೆಯುವವರಿಗೆ ಎರಡು ಬಗೆಯ ಆಕರಗಳುಂಟು. ಆಚಾರ್ಯರ ಗ್ರಂಥಗಳೂ ಅವರ ಜೀವನವನ್ನು ನಿರೂಪಿಸುವ ಗುರುಪರಂಪರೆಗಳೂ ಮೊದಲನೆಯ ಬಗೆಯವು. ಆ ದರ್ಶನವನ್ನು ಒಪ್ಪಿದ ಜನ ಊರುಕೇರಿಗಳಲ್ಲಿ ಹೇಗೆ ನಡೆದುಕೊಂಡರೆಂಬುದನ್ನು ತಿಳಿಸುವ ಶಾಸನಗಳು ಎರಡನೆಯ ಬಗೆಯವು. ಕರ್ನಾಟಕದ ಶ್ರೀವೈಷ್ಣವದ ವಿಷಯದಲ್ಲಿ ನಾವು ಮೊದಲನೆಯದನ್ನು ಹೆಚ್ಚಾಗಿಯೂ ಎರಡನೆಯದನ್ನು ಕಡಮೆಯಾಗಿಯೂ ಬಳಸುತ್ತ ಬಂದಿದ್ದೇವೆ. ಈ ಕೊರತೆಯನ್ನು ತುಸುಮಟ್ಟಿಗೆ ತುಂಬಬಲ್ಲ ಒಂದು ಶಾಸನವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ದರ್ಶನದ ತಿರುಳನ್ನು ಸಂಗ್ರಹವಾಗಿ ನೆನೆಯಬಹುದು. ಶ್ರೀರಾಮಾನುಜರು (ಸಂಪ್ರದಾಯದ ಗಣನೆಯಂತೆ 1017–1137) ಶ್ರೀಭಾಷ್ಯದಲ್ಲಿ ಪ್ರತಿಪಾದಿಸಿದ ವಿಶಿಷ್ಟಾದ್ವೈತದ ಪ್ರಕಾರ ಜೀವರೂ ಜಡಪ್ರಪಂಚವೂ ಸತ್ಯವಾದುವು. ಅವು ಪರಮಾತ್ಮನಿಗೆ ಶರೀರದಂತೆ ಇವೆ. ಮೋಕ್ಷಕ್ಕೆ ಭಕ್ತಿಯೂ ಪ್ರಪತ್ತಿ ಅಥವಾ ಶರಣಾಗತಿಯೂ ದಾರಿಗಳು. ಸಂಸ್ಕೃತ ವೇದಾಂತದೊಡನೆ ಹನ್ನೆರಡು ಆಳ್ವಾರರ ತಮಿಳು ಪಾಶುರಗಳನ್ನೂ ಪ್ರಮಾಣವೆಂದು ಸ್ವೀಕರಿಸಿದುದರಿಂದ ಈ ಸಂಪ್ರದಾಯಕ್ಕೆ ಉಭಯವೇದಾಂತವೆಂಬ ಹೆಸರೂ ಬಂದಿತು. ಆಳ್ವಾರರಲ್ಲಿ ತಿರುಪ್ಪಾಣಾಳ್ವಾರರು ಪಾಣರ ಕುಲದವರೆಂದು ಪ್ರಸಿದ್ಧಿಯುಂಟು. ಭಗವಂತನೆದುರಿನಲ್ಲಿ ಶರಣಾದವನ ಕುಲವನ್ನು ಎಣಿಸಬಾರದೆಂಬ ಭಾವನೆ ಹೀಗೆ ಈ ದರ್ಶನದ ಮೂಲದಲ್ಲಿಯೇ ಇದೆ. ಆದರೆ ಭಾವನೆ ಬೇರೆ, ಸಮಾಜದಲ್ಲಿ ಅದು ತಳೆದ ರೂಪ ಬೇರೆ. ನಮ್ಮ ಪ್ರಶ್ನೆ ಎರಡನೆಯದಕ್ಕೆ ಸಂಬಂಧಿಸಿದುದು.

ರಾಮಾನುಜರು ಚೋಳರ ದೇಶವನ್ನು ಬಿಟ್ಟು ಹೊಯ್ಸಳ ರಾಜ್ಯಕ್ಕೆ ಬಂದರೆಂದೂ ಬಿಟ್ಟಿದೇವನು ಅವರಿಂದ ವೈಷ್ಣವ ದೀಕ್ಷೆಯನ್ನು ಪಡೆದು ವಿಷ್ಣುವರ್ಧನನಾದನೆಂದೂ ಗುರುಪರಂಪರೆಗಳು ಹೇಳುತ್ತವೆ. ಮೇಲುಕೋಟೆಯ ಉತ್ಸವಮೂರ್ತಿಯನ್ನು ತರುವಲ್ಲಿ ನೆರವಾದ ಅಸ್ಪೃಶ್ಯರಿಗೆ ಆಚಾರ್ಯರು ‘ತಿರುಕುಲದವರು’ ಎಂಬ ಹೆಸರಿತ್ತು, ನಿಯತ ದಿನಗಳಲ್ಲಿ ದೇವಾಲಯ ಪ್ರವೇಶವನ್ನು ಕಲ್ಪಿಸಿದರೆಂಬ ಕಥೆಯೂ ಅಲ್ಲಿಯದೇ. ರಾಜನ ಮತಾಂತರದ ಕಥೆಯನ್ನು ಓದಿದವರಿಗೆ ಜೈನಧರ್ಮ ಅಂದಿಗೇ ಅಸ್ತಂಗತವಾಯಿತೆಂದು ತೋರಬಹುದು. ಶಾಸನಗಳು ಇದನ್ನು ಒಪ್ಪುವುದಿಲ್ಲ. ಬೇಲೂರಿನ ಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠಿತವಾಯಿತು. ಅದಾದ ಮೇಲೆ 1123ರಲ್ಲಿ ಪಟ್ಟದ ರಾಣಿ ಶಾಂತಲದೇವಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ಆಕೆ ಜೈನಳಾಗಿಯೇ ದೇಹಬಿಟ್ಟಳು. ಎರಡು ಧರ್ಮಗಳೂ ಒಂದೇ ನಾಡಿನಲ್ಲಿ ಒಟ್ಟಿಗೆ ಬಾಳಿದುವು. ಕಾಲಾಂತರದಲ್ಲಿ ಜಗಳವನ್ನೂ ಆಡಿದುವು.

ಅಂಥ ಒಂದು ಜಗಳದ ತೀರ್ಪೇ ನಮ್ಮ ಶಾಸನ. ಇದು ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿಯಲ್ಲಿದೆ. ಕಾಲ ಶಕವರ್ಷ 1290, ಕೀಲಕ ಸಂವತ್ಸರ, ಎಂದರೆ ಕ್ರಿ.ಶ. 1368, ಆಳುತ್ತಿದ್ದವನು ವಿಜಯನಗರದ ಬುಕ್ಕರಾಯ. ಇದೇ ವಿಷಯದ ಶಾಸನ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು ಭಕ್ತರು ಮಾಡುವ ಅನ್ಯಾಯಗಳನ್ನು ರಾಯನಿಗೆ ಬಿನ್ನಹಮಾಡಿದರು. ಭಕ್ತರೆಂದರೆ ಇಲ್ಲಿ ಶ್ರೀವೈಷ್ಣವರು. ರಾಯನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಪಂಚಮಹಾವಾದ್ಯಗಳೂ ಕಳಶವೂ ಹಿಂದಿನಂತೆಯೇ ಸಲ್ಲತಕ್ಕವೆಂದೂ, ಭಕ್ತರಿಂದ ಜೈನದರ್ಶನಕ್ಕೆ ಹಾನಿಯಾದರೆ ಅದು ತಮ್ಮ ದರ್ಶನಕ್ಕೇ ಆದ ಹಾನಿಯೆಂದು ವೈಷ್ಣವರು ಎಣಿಸಬೇಕೆಂದೂ ವಿಧಿಸಿದನು.

ಆ ಕೈಗಳು ಯಾರವು? ಶಾಸನದ ಅತ್ಯಂತ ಬೆಲೆಯುಳ್ಳ ಭಾಗ ಇದಕ್ಕೆ ಉತ್ತರವಾಗಿದೆ. ಕೋವಿಲ್ ಎಂದರೆ ಶ್ರೀರಂಗ, ತಿರುಮಲೆ, ಪೆರುಮಾಳ್‌ಕೋವಿಲ್ ಎಂದರೆ ಕಂಚಿ, ತಿರುನಾರಾಯಣಪುರವೆಂಬ ಮೇಲುಕೋಟೆ, ಇವು ಮುಖ್ಯವಾದ ಕ್ಷೇತ್ರಗಳ ಆಚಾರ್ಯರಿಂದ ಪಟ್ಟಿ ಮೊದಲಾಗುತ್ತದೆ. ಅನಂತರ ಸಾತ್ತ್ವಿಕರು, ದೇವಾಲಯದ ಊಳಿಗದವರು, ಸಾವಂತ ಬೋವರು. ಕೊನೆಯಲ್ಲಿ ತಿರುಕುಲ, ಜಾಂಬವಕುಲ. ಇವರೆಲ್ಲರೂ ಸೇರಿ ‘ಹದಿನೆಂಟು ನಾಡ ಶ್ರೀವೈಷ್ಣವರು’. ಗುರುಪರಂಪರೆಯ ಕಥೆಯಲ್ಲಿ ಮಾತ್ರವಿದ್ದರೆ ‘ತಿರುಕುಲ’ವೆಂಬುದನ್ನು ಭಕ್ತರ ಕಲ್ಪನೆಯೆಂದು ತಳ್ಳಿಹಾಕಬಹುದಾಗಿತ್ತು. ಆಚಾರ್ಯರ ಕಾಲದಿಂದ ಸುಮಾರು 230 ವರ್ಷಗಳ ಅನಂತರ ರಾಜಶಾಸನವೊಂದು ಆ ಹೆಸರನ್ನು ಶ್ರೀವೈಷ್ಣವರ ಒಳಗೇ ಎಣಿಸಿದೆ. ಕಥೆಯ ಪ್ರತಿಯೊಂದು ವಿವರವೂ ನಿಜವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಆ ಸಮುದಾಯಕ್ಕೆ ಸಂಪ್ರದಾಯದಲ್ಲಿ ಮಾನ್ಯವಾದ ಸ್ಥಾನವಿದ್ದಿತೆಂಬುದು ಸಿದ್ಧವಾಗುತ್ತದೆ.

ಹಾಗೆಂದು ಅಲ್ಲಿ ಸಮಾನತೆ ನೆಲೆಸಿದ್ದಿತೆಂದು ಹೇಳುವುದು ದುಡುಕಾದೀತು. ಪಟ್ಟಿಗೆ ಮೇಲುಕೀಳಿನ ಕ್ರಮವಿದೆ. ಆಚಾರ್ಯರು ಮೊದಲು, ತಿರುಕುಲ ಜಾಂಬವಕುಲಗಳು ಕೊನೆಗೆ. ಒಪ್ಪಂದಕ್ಕೆ ಹೊಣೆಯಾಗುವಾಗ ಎಲ್ಲರೂ ಶ್ರೀವೈಷ್ಣವರು. ದಿನದಿನದ ಬಾಳಿನಲ್ಲಿಯೂ ಹಾಗೆಯೇ ಇದ್ದರೆಂಬುದಕ್ಕೆ ಈ ಕಲ್ಲು ಸಾಕ್ಷಿ ನುಡಿಯುವುದಿಲ್ಲ.

ತೀರ್ಪಿನ ಉಳಿದ ಅಂಶಗಳಲ್ಲಿಯೂ ಇಂಥ ಎಚ್ಚರ ಅಗತ್ಯ. ರಾಜ್ಯದ ಜೈನರಿಂದ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸಿ, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆ ತಿರುಮಲೆಯ ತಾತಯ್ಯನದಾಯಿತು. ಜೈನರ ಬಸದಿಯ ರಕ್ಷಣೆಗೆ ಶ್ರೀವೈಷ್ಣವನೊಬ್ಬನು ನಿಂತುದು ಸಾಮಾನ್ಯ ಸಂಗತಿಯಲ್ಲ. ಆದರೆ ರಕ್ಷಣೆಯ ವೆಚ್ಚವನ್ನು ತೆತ್ತವರು ಅನ್ಯಾಯಕ್ಕೊಳಗಾದ ಜೈನರೇ ಎಂಬುದನ್ನು ಮರೆಯಲಾಗದು. ಈ ಶಾಸನವನ್ನು ಸರ್ವಧರ್ಮ ಸಮನ್ವಯದ ನಿದರ್ಶನವೆಂದು ಹೊಗಳುವವರು ಸಾಮಾನ್ಯವಾಗಿ ಈ ಅಂಶವನ್ನು ಹೇಳದೆ ಬಿಡುತ್ತಾರೆ.

ಇನ್ನೊಂದು ಸ್ವಾರಸ್ಯವಿದೆ. ಜೈನರಿಗೆ ಅಭಯವೀಯುವ ಈ ಶಾಸನ ರಾಮಾನುಜರನ್ನು ಪಾಷಂಡರೆಂಬ ಕಡಲಿಗೆ ಬಡಬಾಗ್ನಿಯೆಂದು ಕೊಂಡಾಡುವ ಶ್ಲೋಕದಿಂದ ಆರಂಭವಾಗುತ್ತದೆ. ವಾದದಲ್ಲಿ ಪರಮತವನ್ನು ಸುಡುವ ಬೆಂಕಿ, ಬಾಳಿನಲ್ಲಿ ಅದೇ ಮತದವರ ಕೈ ಹಿಡಿಯುವ ಕಟ್ಟುಪಾಡು: ಇವೆರಡೂ ಒಂದೇ ಕಲ್ಲಿನ ಮೇಲಿವೆ. ಕಂಡರಿಸಿದವರಿಗೆ ಇದು ವಿರೋಧವೆಂದು ತೋರಿದಂತಿಲ್ಲ. ಸಿದ್ಧಾಂತವನ್ನು ಬಿಟ್ಟುಕೊಡದೆಯೇ ನೆರೆಯವರ ಹಕ್ಕನ್ನು ಕಾಯಬಹುದೆಂದು ಅವರು ತಿಳಿದಿದ್ದರೆಂದು ಊಹಿಸಲು ಅವಕಾಶವಿದೆ. ಆಗ ಶ್ರೀರಂಗದ ಉತ್ಸವಮೂರ್ತಿಯೇ ದಾಳಿಯ ಕಾರಣದಿಂದ ಸ್ವಸ್ಥಾನವನ್ನು ಬಿಟ್ಟು ಹೊರಗಿದ್ದಿತು. ಅದನ್ನು ಗೋಪಣ್ಣನು ಮರಳಿ ಪ್ರತಿಷ್ಠಿಸಿದುದು 1371ರಲ್ಲಿ. ಗುಡಿಗೆ ಕಾವಲಿಲ್ಲದಿದ್ದರೆ ಏನಾಗುವುದೆಂಬುದು ಶ್ರೀವೈಷ್ಣವರಿಗೆ ಅಪರಿಚಿತವಾಗಿರಲಿಲ್ಲ.

ಒಟ್ಟಿನಲ್ಲಿ, ಈ ಶಾಸನ ಶ್ರೀವೈಷ್ಣವವನ್ನು ಆಚಾರ್ಯರ ಮಠಗಳಿಂದ ನಾಡಿನ ನಡುವಿಗೆ ತಂದು ತೋರಿಸುತ್ತದೆ. ಅಲ್ಲಿ ಅನ್ಯಾಯ ಮಾಡಿದವರೂ ಅದನ್ನು ತಡೆಯಲು ಹೊಣೆ ಹೊತ್ತವರೂ ಅದೇ ಸಮುದಾಯದವರು. ಒಂದು ಧರ್ಮವನ್ನು ಅದರ ಶ್ರೇಷ್ಠ ಗ್ರಂಥದಿಂದ ಮಾತ್ರ ಅಳೆದರೆ ಹೊಗಳಿಕೆಯಾಗುತ್ತದೆ. ಅದರ ಅನುಯಾಯಿಗಳ ತಪ್ಪಿನಿಂದ ಮಾತ್ರ ಅಳೆದರೆ ನಿಂದೆಯಾಗುತ್ತದೆ. ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಎರಡನ್ನೂ ಬಿಟ್ಟು, ಬಿನ್ನಹ, ತೀರ್ಪು, ಹೊಣೆ, ವೆಚ್ಚ ಇವೆಲ್ಲವನ್ನೂ ಕೂಡಿಸಿ ಓದಬೇಕು. ಹಾಗೆ ಓದಿದಾಗಲೇ ಬೆಳಗೊಳದ ಈ ಕಲ್ಲಿಗೆ ನ್ಯಾಯ ಸಲ್ಲುತ್ತದೆ.